ಮೊಳೆಯಿಲ್ಲದ ದೋಣಿ

ಹಲಗೆ ಆರಿಸುವಾಗ ಅದರ ಅಗಲವಾದ ಮುಖಕ್ಕೆ ಮರುಳಾಗಬಾರದು, ಕಿರಿದಾದ ಅಂಚನ್ನು ನೋಡಬೇಕು. ಸಿಯಾಟಲ್ ನಗರದಿಂದ ಉತ್ತರಕ್ಕೆ ಒಂದು ಗಂಟೆ ದಾರಿಯ ಮರದ ಮಂಡಿಯೊಂದರಲ್ಲಿ, ನವೆಂಬರ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ನಾನು ಕಲಿತ ಮೊದಲ ಪಾಠ ಅದು. 16 ಅಡಿ ಉದ್ದದ ಸೀಡರ್ ಹಲಗೆಗಳ ಒಟ್ಟಿಲಿನಿಂದ ಒಂದೊಂದನ್ನೇ ಹೊರಗೆಳೆದು, ಒಂದು ತುದಿಯನ್ನು ನೆಲಕ್ಕೂರಿ, ಇನ್ನೊಂದನ್ನು ಕಣ್ಣಿನ ಮಟ್ಟಕ್ಕೆತ್ತಿ ನೋಡುತ್ತಿದ್ದೆ: ಅಂಚಿನ ಮೇಲೆ ನಾರಿನ ಗೆರೆಗಳು ಎಷ್ಟು ದೂರ ಜೊತೆಜೊತೆಗೆ ಓಡುತ್ತವೆ, ಎಲ್ಲಿ ಪಕ್ಕಕ್ಕೆ ಸರಿದು ಹೊರಬೀಳುತ್ತವೆ? ಬೇಕಿದ್ದದ್ದು ಎರಡೇ ಹಲಗೆ. ಸಿಕ್ಕಾಗ ಮಧ್ಯಾಹ್ನ ಕಳೆದಿತ್ತು.

ಆ ಎರಡು ಹಲಗೆ ಒಂದು ಕಯಾಕಿನ ಎರಡು ಪಕ್ಕದ ಅಂಚುಪಟ್ಟಿಗಳಾಗಬೇಕಿತ್ತು. ಕಯಾಕ್ ಎಂದರೆ ಈಗ ಕಣ್ಣಿಗೆ ಬರುವುದು ಹಿನ್ನೀರಿನ ರೆಸಾರ್ಟುಗಳಲ್ಲಿ ಸಾಲಾಗಿ ಬೋರಲು ಹಾಕಿದ ಬಣ್ಣದ ಪ್ಲಾಸ್ಟಿಕ್ ದೋಣಿ. ಅದು ಅಚ್ಚಿನಲ್ಲಿ ಇಳಿಸಿದ್ದು. ನಾನು ಹೇಳುತ್ತಿರುವುದು ಅದರ ಮೂಲದ ಬಗ್ಗೆ. ಮರದ ತೆಳು ಹಂದರ, ಅದರ ಮೈಗೆ ಬಿಗಿದು ಹೊಲಿದ ತೊಗಲು. ಒಂದೇ ಒಂದು ಮೊಳೆಯಿಲ್ಲ. ಗ್ರೀನ್‌ಲ್ಯಾಂಡಿನ ಜನ ಇದನ್ನು ಖಯಕ್ ಎನ್ನುತ್ತಾರೆ, ಆ ಹೆಸರೇ ಲೋಕಕ್ಕೆಲ್ಲ ಕಯಾಕ್ ಆಗಿ ಹಬ್ಬಿತು.

ತುಂಗಭದ್ರೆಯ ದಡದಲ್ಲಿ ಬೆಳೆದವರಿಗೆ ಇಂಥ ದೋಣಿ ಹೊಸದಲ್ಲ. ನಮ್ಮ ಹರಿಗೋಲೂ ಹಂದರ ಮತ್ತು ತೊಗಲಿನದೇ. 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಯಸ್ ಆನೆಗೊಂದಿಯ ಕಡವಿನಲ್ಲಿ ಇವನ್ನು ಕಂಡು ಬರೆದಿಟ್ಟ. ಬುಟ್ಟಿಯಂತೆ ದುಂಡಗಿನ ದೋಣಿಗಳು, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುತ್ತವೆ, ಬೇರೆ ದೋಣಿಗಳ ಹಾಗೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂಬುದು ಅವನ ವರದಿ. ನಾನು ಹುಡುಗನಾಗಿದ್ದಾಗ ಚರ್ಮ ಹೋಗಿ ಪ್ಲಾಸ್ಟಿಕ್ ಗೋಣಿಯ ಹಾಸು ಬಂದಿತ್ತು, ಅದರ ಮೇಲೆ ಕಾಯಿಸಿದ ತಾರು. ಬಿದಿರ ಹೆಣಿಗೆ ಮಾತ್ರ ಹಾಗೇ ಇತ್ತು. ಹರಿಗೋಲು ಸುತ್ತುತ್ತದೆ, ಕಯಾಕ್ ಬಾಣದಂತೆ ಹೋಗುತ್ತದೆ. ಆದರೆ ಎರಡರ ಒಳಗುಟ್ಟು ಒಂದೇ. ಹಂದರ ಆಕಾರ ಕೊಡುತ್ತದೆ, ತೊಗಲು ನೀರು ತಡೆಯುತ್ತದೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ದೋಣಿಯೆಂಬ ಹೆಸರಿಲ್ಲ.

ಗ್ರೀನ್‌ಲ್ಯಾಂಡಿನಲ್ಲಿ ಕಾಡು ಇಲ್ಲವೆಂಬಷ್ಟು ಕಡಿಮೆ. ದೋಣಿ ಕಟ್ಟುವವರ ನಾಡಿನಲ್ಲಿ ದೋಣಿಗಾಗುವ ಮರವೇ ಬೆಳೆಯುವುದಿಲ್ಲ ಎಂಬುದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಅವರ ಮರ ಬರುತ್ತಿದ್ದುದು ಸಮುದ್ರದಿಂದ. ಸೈಬೀರಿಯಾದ ಯೆನಿಸೆಯ್, ಲೆನಾ ನದಿಗಳ ದಡ ಕುಸಿದು ಬಿದ್ದ ಲಾರ್ಚ್, ಪೈನ್, ಸ್ಪ್ರೂಸ್ ಮರಗಳು ಆರ್ಕ್ಟಿಕ್ ಸಾಗರ ಸೇರಿ, ತೇಲುವ ಹಿಮದ ಹಾಸಿನಲ್ಲಿ ಸಿಕ್ಕಿಕೊಂಡು, ವರ್ಷಗಟ್ಟಲೆ ಅದರೊಂದಿಗೇ ಸರಿದು, ಕೊನೆಗೆ ಗ್ರೀನ್‌ಲ್ಯಾಂಡಿನ ಕರಾವಳಿಗೆ ಬಂದು ಬೀಳುತ್ತಿದ್ದವು. ಉಪ್ಪು ಹೀರಿ ಬೆಳ್ಳಗಾದ, ತೊಗಟೆ ಕಳೆದುಕೊಂಡ ಆ ತುಂಡುಗಳಲ್ಲಿ ನೆಟ್ಟಗಿನದು ಸಿಕ್ಕರೆ ಅಂಚುಪಟ್ಟಿ, ಬಾಗಿದ್ದು ಸಿಕ್ಕರೆ ತೊಡೆಯ ಮೇಲೆ ಕಮಾನಿನಂತೆ ಕೂರುವ ಅಡ್ಡತೊಲೆ. ಆ ತೊಲೆಗೆ ಅವರ ಮಾತಿನಲ್ಲಿ ಮಾಸಿಕ್ ಎಂದು ಹೆಸರು. ಮರ ಹೇಗೆ ಬಾಗಿ ಬೆಳೆದಿದೆಯೋ ಹಾಗೇ ಅದನ್ನು ಬಳಸುತ್ತಿದ್ದರು. ಕತ್ತರಿಸಿ ಕಮಾನು ಮಾಡಿದರೆ ನಾರು ತುಂಡಾಗುತ್ತದೆ, ಬೆಳೆದ ಕಮಾನಿನಲ್ಲಿ ನಾರು ಅಖಂಡ.

ಆಯ್ಕೆಯ ವಿದ್ಯೆ ಎಲ್ಲ ಇಲ್ಲೇ ಇದೆ ಎಂದು ನನಗೆ ಈಗ ಅನಿಸುತ್ತದೆ. ಬಿಡುವಾದ ಚಳಿಗಾಲದಲ್ಲಿ ಮನೆಯ ಶೆಡ್ಡಿನಲ್ಲಿ ಕಯಾಕ್ ಕಟ್ಟಲು ಹೊರಟವರು ಮೊದಲು ಕೇಳುವ ಪ್ರಶ್ನೆ ‘ಯಾವುದು ಗಟ್ಟಿ?’ ಎಂಬುದು. ನಾನೂ ಅದನ್ನೇ ಕೇಳಿದ್ದೆ. ಗಟ್ಟಿ ಮರ, ಗಟ್ಟಿ ಅಂಟು, ಗಟ್ಟಿ ಬಟ್ಟೆ. ಎರಡು ತಿಂಗಳು, ಮುರಿದ ಪಟ್ಟಿಗಳ ಒಂದು ಕಟ್ಟು, ಒಂದು ಜೋಲುಬಿದ್ದ ತೊಗಲು ಆದ ಮೇಲೆ ಪ್ರಶ್ನೆ ಬದಲಾಯಿತು. ಈ ದೋಣಿ ಅಲೆಗೆ ಎದುರು ನಿಂತು ಗೆಲ್ಲುವುದಿಲ್ಲ, ಅಲೆಯ ಜೊತೆ ಮಿಸುಕಾಡಿ ಗೆಲ್ಲುತ್ತದೆ. ಹಾಗಾಗಿ ಪ್ರತಿಯೊಂದು ಸಾಮಗ್ರಿಗೂ ಕೇಳಬೇಕಾದ್ದು ಇದು: ನೀನು ಎಷ್ಟು ಬಾಗುತ್ತೀಯ, ಬಾಗಿ ಮತ್ತೆ ನಿನ್ನ ಜಾಗಕ್ಕೆ ಬರುತ್ತೀಯಾ?

ಅಳತೆಯಿಂದ ಶುರು ಮಾಡಿದೆ. ಗ್ರೀನ್‌ಲ್ಯಾಂಡಿನ ಬೇಟೆಗಾರನ ದೋಣಿಗೆ ಅವನ ಮೈಯೇ ಅಳತೆಗೋಲು. ಎರಡೂ ತೋಳು ಚಾಚಿದಾಗಿನ ಉದ್ದದ ಮೂರರಷ್ಟು ದೋಣಿಯ ಉದ್ದ, ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದರೆ ದೋಣಿಯ ಅಗಲ. ಮಾರು, ಮೊಳ, ಗೇಣು ಎಂದು ಅಳೆಯುತ್ತಿದ್ದ ಮನೆಯಿಂದ ಬಂದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನನ್ನ ಮಾರು 170 ಸೆಂಟಿಮೀಟರ್, ಆದ್ದರಿಂದ ನನ್ನ ದೋಣಿ 5 ಮೀಟರಿಗೆ ಸ್ವಲ್ಪ ಹೆಚ್ಚು. ತುದಿಗಳು ಪಟ್ಟಿಯ ಆಚೆಗೆ ಚಾಚಿಕೊಳ್ಳುವುದರಿಂದ ಅಂಚುಪಟ್ಟಿಗೆ 16 ಅಡಿಯ ಹಲಗೆ ಸಾಕು.

ಅಂಚುಪಟ್ಟಿ ಈ ದೋಣಿಯ ಬೆನ್ನೆಲುಬು. ಎಲ್ಲ ಅಡ್ಡತೊಲೆಗಳೂ ಅದರಲ್ಲಿ ತೂತು ಕೊರೆದು ಸೇರುತ್ತವೆ, ಎಲ್ಲ ಪಕ್ಕೆಲುಬುಗಳೂ ಅದರ ಕೆಳ ಅಂಚಿನ ಕುಳಿಗಳಲ್ಲಿ ಕಾಲೂರುತ್ತವೆ. ಅಷ್ಟು ತೂತು ಬಿದ್ದ ಮೇಲೂ ಅದು ಬಿಲ್ಲಿನಂತೆ ಬಾಗಬೇಕು. ಇದಕ್ಕೆ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಸುಲಭವಾಗಿ ಸಿಗುವುದು ಪಶ್ಚಿಮದ ಕೆಂಪು ಸೀಡರ್. ಹೆಸರು ಸೀಡರ್ ಆದರೂ ಇದು ನಿಜವಾದ ಸೀಡರ್ ಜಾತಿಯದಲ್ಲ, ನಮ್ಮ ಹಿಮಾಲಯದ ದೇವದಾರು ಆ ಜಾತಿಯದು. ಘನ ಮೀಟರಿಗೆ ಸುಮಾರು 370 ಕಿಲೋ ತೂಗುತ್ತದೆ. ನಮ್ಮ ಸಾಗುವಾನಿ 650ರ ಹತ್ತಿರ. ಇದರ ಕೆಂಪು ಚೇಗು ನೀರಿಗೆ, ಬೂಷ್ಟಿಗೆ ಬೇಗ ಕೊಳೆಯುವುದಿಲ್ಲ. ಈ ಕರಾವಳಿಯ ಮೂಲನಿವಾಸಿಗಳು ಸಾವಿರಾರು ವರ್ಷ ಇದೇ ಮರದ ಬೊಡ್ಡೆ ಕೊರೆದು ದೊಡ್ಡ ದೋಣಿ ಮಾಡಿದ್ದಾರೆ. ತೊಗಲ ದೋಣಿ ಇಲ್ಲಿಯದಲ್ಲ, ಉತ್ತರದ್ದು. ಮರ ಇಲ್ಲಿಯದು.

ಸೀಡರ್‌ಗೆ ಪೈಪೋಟಿ ಸಿಟ್ಕಾ ಸ್ಪ್ರೂಸ್. ತೂಕಕ್ಕೆ ಹೋಲಿಸಿದರೆ ಅದರ ಬಿಗುವು ಹೆಚ್ಚು, ಮೊದಲನೆಯ ಮಹಾಯುದ್ಧದ ವಿಮಾನಗಳ ಹಂದರಕ್ಕೆ ಅದನ್ನು ಹುಡುಕಿ ಹುಡುಕಿ ಕಡಿದದ್ದು ಅದಕ್ಕೇ. ಆದರೆ ಒದ್ದೆಯಲ್ಲಿ ಬಿಟ್ಟರೆ ಕೊಳೆಯುತ್ತದೆ. ಡಗ್ಲಸ್ ಫರ್ ಇನ್ನೂ ಬಲ, ಇನ್ನೂ ಭಾರ. ನಾನು ಸೀಡರ್ ಹಿಡಿದೆ, ಅದಕ್ಕೆ ವಿಷಾದವಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸೀಡರ್ ಹೊಟ್ಟಿನ ಘಮ ಎಷ್ಟು ಹಿತವೋ ಅದರ ಧೂಳು ಅಷ್ಟೇ ಕೆಡುಕು. ಅದರಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ದಿನವೂ ಉಸಿರಾಡಿದವರಿಗೆ ಉಬ್ಬಸ ತರಬಲ್ಲದು. ಮುಖಕ್ಕೆ ಒಳ್ಳೆಯ ಮಾಸ್ಕ್ ಇಲ್ಲದೆ ಗರಗಸ ಹಿಡಿಯಬೇಡಿ.

ಯಾವ ಜಾತಿಯ ಮರವೆಂಬುದಕ್ಕಿಂತ ಆ ಹಲಗೆಯ ನಾರು ಹೇಗಿದೆ ಎಂಬುದು ಮುಖ್ಯ. ನಾರು ಅಂಚಿನಿಂದ ಹೊರಬಿದ್ದ ಕಡೆ ಹಲಗೆ ಹೊಸ ಗೆರೆ ಹಿಡಿದು ಸೀಳುತ್ತದೆ. ಗಂಟು ಇದ್ದರಂತೂ ನಾರು ಅದನ್ನು ಬಳಸಿಕೊಂಡು ಓಡುತ್ತದೆ, ಬಾಗಿಸಿದಾಗ ಮುರಿಯುವುದು ಅಲ್ಲೇ. ಕಣ್ಣಿಗೆ ನಂಬಿಕೆ ಬಾರದಿದ್ದರೆ ತುದಿಯಿಂದ ಒಂದು ಗೇಣು ತುಂಡು ಕೊಯ್ದು ಉಳಿಯಿಟ್ಟು ಸೀಳಿ ನೋಡಬೇಕು. ಗರಗಸ ಹೋದದ್ದು ನಮ್ಮ ಗೆರೆ, ಸೀಳು ಹೋದದ್ದು ಮರದ ಗೆರೆ. ಎರಡರ ನಡುವೆ ಎಷ್ಟು ಅಂತರವಿದೆಯೋ ಅಷ್ಟು ಅಪಾಯ. ಅಷ್ಟುದ್ದದ ಸ್ವಚ್ಛ ಹಲಗೆ ಸಿಗದಿದ್ದರೆ ಎರಡು ತುಂಡುಗಳನ್ನು ಓರೆಯಾಗಿ ಹೆರೆದು ಅಂಟಿಸಬಹುದು. ದಪ್ಪದ ಎಂಟರಷ್ಟಾದರೂ ಉದ್ದದ ಓರೆ ಇರಲಿ, ಇಲ್ಲದಿದ್ದರೆ ಬಾಗುವಾಗ ಆ ಜಾಗ ಮೊಣಕೈಯಂತೆ ಮಡಚುತ್ತದೆ.

ಪಕ್ಕೆಲುಬುಗಳ ವಿಷಯದಲ್ಲಿ ನಾನು ಪೆಟ್ಟು ತಿಂದೆ. ದೋಣಿಯ ಅಡಿಯಲ್ಲಿ ಯು ಆಕಾರದಲ್ಲಿ ಬಾಗಿ ನಿಲ್ಲುವ, ಕಾಲು ಇಂಚು ದಪ್ಪದ ಇಪ್ಪತ್ತಕ್ಕೂ ಹೆಚ್ಚು ಪಟ್ಟಿಗಳು ಬೇಕು. ಹಬೆಯಲ್ಲಿ ಬೇಯಿಸಿ ಬಿಸಿಯಿರುವಾಗಲೇ ಬಾಗಿಸಬೇಕು. ಪುಸ್ತಕಗಳೆಲ್ಲ ಬಿಳಿ ಓಕ್ ಅಥವಾ ಆ್ಯಶ್ ಎಂದು ಹೇಳುತ್ತಿದ್ದವು. ಅಂಗಡಿಯೊಂದರಲ್ಲಿ ಚೆನ್ನಾಗಿ ನಯಗೊಳಿಸಿದ ಬಿಳಿ ಓಕ್ ಸಿಕ್ಕಿತು, ಗಂಟಿಲ್ಲ, ಬಿರುಕಿಲ್ಲ. ಸೀಳಿ, ಹೆರೆದು, ಹಬೆಪೆಟ್ಟಿಗೆಯಲ್ಲಿಟ್ಟು, ಕೈಗವಸು ಹಾಕಿ ಬಾಗಿಸಿದರೆ ಮೊದಲನೆಯದು ಮುರಿಯಿತು. ಎರಡನೆಯದೂ. ಆ ಸಂಜೆ 14 ಪಟ್ಟಿಗಳಲ್ಲಿ 9 ಮುರಿದವು. ಮರ ಒಳ್ಳೆಯದೇ, ಆದರೆ ಅದನ್ನು ಗೂಡಿನಲ್ಲಿ ಬಿಸಿಗಾಳಿಯಿಂದ ಒಣಗಿಸಿದ್ದರು. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಎಂಬ ಅಂಟು ಹಸಿಯಲ್ಲಿದ್ದಾಗ ಹಬೆಗೆ ಮೆತ್ತಗಾಗುತ್ತದೆ. ಗೂಡಿನಲ್ಲಿ ಒಮ್ಮೆ ಬಲಿತ ಮೇಲೆ ಸುಲಭಕ್ಕೆ ಬಗ್ಗುವುದಿಲ್ಲ. ಮೇಜು ಮಾಡುವವನಿಗೆ ಬೇಕಾದ ಗುಣವೇ ದೋಣಿ ಕಟ್ಟುವವನಿಗೆ ಕಂಟಕ.

ಒಂದು ಸಣ್ಣ ಸಾಮಿಲ್‌ನಲ್ಲಿ ಆ ವಾರವಷ್ಟೇ ಕೊಯ್ದ ಹಸಿ ಓಕ್ ಸಿಕ್ಕಿತು, ಗೂಡಿನ ಮರಕ್ಕಿಂತ ಅಗ್ಗದ ಬೆಲೆಗೆ. ಇಂಚು ದಪ್ಪಕ್ಕೆ ಒಂದು ಗಂಟೆ ಹಬೆ ಎಂಬ ಲೆಕ್ಕದಲ್ಲಿ ಕಾಲಿಂಚಿನ ಪಟ್ಟಿಗೆ ಕಾಲುಗಂಟೆ. ಹೊರತೆಗೆದರೆ ಬೆಂದ ಶಾವಿಗೆಯಷ್ಟು ಸಾಧುವಲ್ಲದಿದ್ದರೂ ಹೇಳಿದ ಮಾತು ಕೇಳುವಷ್ಟು ಮೆತ್ತಗೆ. ಬಿಸಿಯಾದ ಮರ ಒಳಮೈಯಲ್ಲಿ ಬೇಕಾದಷ್ಟು ಅದುಮಿಕೊಳ್ಳುತ್ತದೆ, ಆದರೆ ಹೊರಮೈಯಲ್ಲಿ ಹಿಗ್ಗುವುದು ನೂರಕ್ಕೆ ಒಂದೆರಡು ಪಾಲಷ್ಟೇ. ಹಾಗಾಗಿ ಮುರಿಯುವುದು ಯಾವಾಗಲೂ ಹೊರಗಿನಿಂದ. ಗ್ರೀನ್‌ಲ್ಯಾಂಡಿನ ಹಳಬರು ಪಟ್ಟಿಯ ಒಳಮೈಯನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಜಜ್ಜಿ ಬಾಗಿಸುತ್ತಿದ್ದರಂತೆ. ಒಳಭಾಗ ಸುಲಭವಾಗಿ ಅದುಮಲಿ ಎಂದು ಬಾಯಿಯನ್ನೇ ಇಕ್ಕಳ ಮಾಡಿಕೊಂಡ ಆ ಜ್ಞಾನ ಎಷ್ಟು ತಲೆಮಾರುಗಳದ್ದೋ.

ಓಕ್‌ನಲ್ಲಿ ಬಿಳಿಯೇ ಏಕೆ, ಕೆಂಪು ಓಕ್ ಏಕಾಗದು? ಇದಕ್ಕೊಂದು ಚೆಂದದ ಪರೀಕ್ಷೆ ಇದೆ. ಕೆಂಪು ಓಕ್‌ನ ಒಂದು ಗಿಡ್ಡ ಕಡ್ಡಿಯ ತುದಿಯನ್ನು ಸೋಪುನೀರಿನಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆ ಬರುತ್ತದೆ. ಅದರ ನಾಳಗಳು ಎರಡೂ ಕಡೆ ತೆರೆದ ಕೊಳವೆಗಳು. ಬಿಳಿ ಓಕ್‌ನ ಚೇಗಿನಲ್ಲಿ ಮರವೇ ಆ ನಾಳಗಳಿಗೆ ಬಿರಡೆ ಹಾಕಿಕೊಂಡಿರುತ್ತದೆ. ಮದ್ಯದ ಪೀಪಾಯಿಗಳನ್ನು ಅದರಿಂದಲೇ ಮಾಡುವುದು, ದೋಣಿಗೂ ಅದೇ ಒಳ್ಳೆಯದು.

ಇನ್ನು ಕಟ್ಟು. ಎತ್ತಿನಗಾಡಿಯ ಮೂಕಿಗೆ ನೊಗವನ್ನು ಯಾರೂ ಮೊಳೆ ಹೊಡೆದು ಕೂರಿಸುವುದಿಲ್ಲ, ಮಿಣಿಯಿಂದ ಬಿಗಿಯುತ್ತಾರೆ. ಎತ್ತು ಅತ್ತಿತ್ತ ಎಳೆದಾಗ ನೊಗ ಮಿಸುಕಬೇಕು, ಕಳಚಬಾರದು. ಕಯಾಕಿನ ಹಂದರವೂ ಹಾಗೆಯೇ. ತೊಲೆ ಅಂಚುಪಟ್ಟಿಗೆ ಸೇರುವಲ್ಲಿ ಮರದ ಬೆಣೆ, ತುದಿಯಿಂದ ತುದಿಗೆ ಓಡುವ ಉದ್ದಪಟ್ಟಿ ಪಕ್ಕೆಲುಬಿಗೆ ತಾಗುವಲ್ಲಿ ಹುರಿಯ ಕಟ್ಟು. ಸ್ಕ್ರೂ ಹಾಕಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲ ವರ್ಷ ಏನೂ ಆಗುವುದಿಲ್ಲ. ಆಮೇಲೆ ಉಪ್ಪುನೀರು ಲೋಹವನ್ನು ತಿನ್ನುತ್ತದೆ, ದೋಣಿ ಮಿಸುಕಿದಷ್ಟೂ ಆ ಒಂದು ಬಿಂದುವಿನ ಮೇಲೇ ಒತ್ತಡ ಬಿದ್ದು ತೆಳುಪಟ್ಟಿ ಅಲ್ಲೇ ಸೀಳುತ್ತದೆ. ಹುರಿಯ ಕಟ್ಟು ಒತ್ತಡವನ್ನು ಸುತ್ತಲೂ ಹಂಚುತ್ತದೆ. ಅಲ್ಯೂಷನ್ ದ್ವೀಪಗಳ ಬೈದಾರ್ಕಾ ಎಂಬ ತೊಗಲ ದೋಣಿಗಳಲ್ಲಂತೂ ಕೀಲುಗಳ ನಡುವೆ ಮರಕ್ಕೆ ಮರ ಉಜ್ಜದಂತೆ ಮೂಳೆಯ ಬಿಲ್ಲೆಗಳನ್ನು ಇಡುತ್ತಿದ್ದರು. ನಮ್ಮ ಮೈಯ ಕೀಲುಗಳಂತೆ. ದಾಸರು ದೇಹವನ್ನೇ ಹರಿಗೋಲೆಂದು ಕರೆದದ್ದು ಆ ಶೆಡ್ಡಿನಲ್ಲಿ ಪಕ್ಕೆಲುಬು ಕಟ್ಟುತ್ತ ಕೂತ ರಾತ್ರಿಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಹಿಂದೆ ಹುರಿ ಎಂದರೆ ಸೀಲ್ ತೊಗಲಿನ ಪಟ್ಟಿ ಅಥವಾ ಪ್ರಾಣಿಯ ಸ್ನಾಯುರಜ್ಜು. ಈಗ ಮೇಣ ಹಚ್ಚಿದ ಸಿಂಥೆಟಿಕ್ ಹುರಿ ಸಿಗುತ್ತದೆ, ಚಪ್ಪಟೆಯಾಗಿ, ಸ್ವಲ್ಪ ಜಿಗುಟಾಗಿ. ಆ ಜಿಗುಟೇ ಅದರ ಬೆಲೆ, ಗಂಟು ಹಾಕುವ ಮೊದಲೂ ಜಾರುವುದಿಲ್ಲ. ಇಂಥ ಕಟ್ಟಿನ ದೋಣಿ ಸಾಗರಕ್ಕೆ ಸಾಲದು ಎನ್ನುವವರಿಗೆ ಜರ್ಮನಿಯ ವೈದ್ಯ ಹಾನ್ಸ್ ಲಿಂಡೆಮನ್ ನೆನಪಾಗಲಿ. ಅವನದು ಕಟ್ಟಿದ ಹಂದರವಲ್ಲ, ಬಿಚ್ಚಿ ಮಡಚಬಹುದಾದ ಕ್ಲೆಪ್ಪರ್ ದೋಣಿ. ಆದರೆ ಅದೂ ಮರದ ಹಂದರದ ಮೇಲೆ ಬಟ್ಟೆಯ ತೊಗಲಿನದೇ. 1956ರಲ್ಲಿ ಅದರಲ್ಲಿ ಒಬ್ಬನೇ ಕೂತು 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ.

ಹಂದರ ಮುಗಿದ ದಿನ ಅದಕ್ಕೆ ಎಣ್ಣೆ ಹಚ್ಚಿದೆ. ಅಗಸೆ ಎಣ್ಣೆ ಸಾಕು, ವಾರ್ನಿಶ್ ಬೇಡ. ಮಿಸುಕುವ ಮೈಮೇಲೆ ವಾರ್ನಿಶ್ ಬಿರಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ತಂತಿಯ ಮೇಲೆ ಹರವಿ.

ತೊಗಲಿಗೆ ಬರೋಣ. ಸೀಲ್ ತೊಗಲನ್ನು ಹೊಲಿಯುತ್ತಿದ್ದವರು ಹೆಂಗಸರು. ಗಂಡಸು ಹಂದರ ಕಟ್ಟಿದರೆ ಅರ್ಧ ದೋಣಿಯಾಯಿತು, ಉಳಿದರ್ಧ ಅವರ ಸೂಜಿಯಲ್ಲಿತ್ತು. ಎರಡು ತೊಗಲು ಸೇರುವಲ್ಲಿ ಎರಡು ಸಾಲು ಹೊಲಿಗೆ. ಸೂಜಿ ತೊಗಲಿನ ಅರ್ಧ ದಪ್ಪದಲ್ಲೇ ಓಡಬೇಕು, ಆಚೆಗೆ ತೂರಬಾರದು. ತೂರಿದರೆ ಅದು ನೀರಿಗೆ ಬಾಗಿಲು. ಹಿಮನೀರಿನಲ್ಲಿ ಬೇಟೆಗಾರ ಜೀವಸಹಿತ ಮನೆಗೆ ಬರುವುದು ಆ ಹೊಲಿಗೆಯ ಮೇಲೆ ನಿಂತಿತ್ತು. ಕಯಾಕಿನ ಬಗ್ಗೆ ಬರೆದ ಬಹಳ ಬರಹಗಳು ಬೇಟೆಗಾರನ ಸಾಹಸದಲ್ಲೇ ನಿಲ್ಲುತ್ತವೆ. ಕೌದಿ ಹೊಲಿಯುವ ತಾಯಿಯ ಬೆರಳಿನ ಗಟ್ಟಿ ಚರ್ಮ ನೋಡಿ ಬೆಳೆದ ನನಗೆ ಅದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಇವತ್ತು ಸೀಲ್ ತೊಗಲು ನಮಗೆ ಸಿಗದು, ಬೇಕಾಗಿಯೂ ಇಲ್ಲ. ಆಯ್ಕೆ ಇರುವುದು ಮೂರು ಬಟ್ಟೆಗಳ ನಡುವೆ. ಹತ್ತಿಯ ದಪ್ಪ ಕ್ಯಾನ್ವಾಸ್ ಎಲ್ಲಕ್ಕಿಂತ ಹಳೆಯದು. 1950ರ ದಶಕದಲ್ಲಿ ಇಂಗ್ಲೆಂಡಿನ ಪರ್ಸಿ ಬ್ಲಾಂಡ್‌ಫರ್ಡ್ ಬರೆದುಕೊಟ್ಟ ನಕ್ಷೆಗಳಿಂದ ಎಷ್ಟೋ ಹುಡುಗರು ಕ್ಯಾನ್ವಾಸ್ ಕಯಾಕ್ ಕಟ್ಟಿಕೊಂಡರು. ಹೊಲಿಯಲು ಹಿತ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಬಣ್ಣದ ಬಿರುಕಿನಲ್ಲಿ ನೀರು ಕೂತರೆ ಕೊಳೆಯುತ್ತದೆ, ಚೂಪುಗಲ್ಲಿಗೆ ಹರಿಯುತ್ತದೆ. ಕೆರೆಗೆ ಸರಿ, ಕಲ್ಲಿನ ಕಡಲತೀರಕ್ಕೆ ಬೇಡ.

ಉಳಿದವು ನೈಲಾನ್ ಮತ್ತು ಪಾಲಿಯೆಸ್ಟರ್. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಸ್ವಭಾವ ಮಾತ್ರ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ. ತಮಟೆಯವರನ್ನು ನೋಡಿ. ಬಾರಿಸುವ ಮೊದಲು ಹುಲ್ಲು ಹೊತ್ತಿಸಿ ತಮಟೆಯನ್ನು ಬೆಂಕಿಗೆ ಹಿಡಿಯುತ್ತಾರೆ. ತೊಗಲು ಗಾಳಿಯ ತೇವ ಹೀರಿ ಜೋಲುಬಿದ್ದಿರುತ್ತದೆ, ಕಾವಿಗೆ ಒಣಗಿ ಬಿಗಿಯುತ್ತದೆ. ನೈಲಾನಿನ ಗುಣ ಇದೇ. ಸಾಧಾರಣ ಹವೆಯಲ್ಲೇ ಅದು ತನ್ನ ತೂಕದ ನೂರಕ್ಕೆ 4ರಷ್ಟು ತೇವ ಹೀರಿಕೊಂಡಿರುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು, ಹೀರಿದಷ್ಟೂ ಹಿಗ್ಗುತ್ತದೆ. ಪಾಲಿಯೆಸ್ಟರ್ ಹೀರುವುದು ಅದರ ಹತ್ತನೇ ಒಂದು ಪಾಲು, 0.4ರ ಸುತ್ತ. ಮಳೆಯಿರಲಿ ಬಿಸಿಲಿರಲಿ ಅದು ಇದ್ದ ಹಾಗೇ ಇರುತ್ತದೆ. ಅಷ್ಟಲ್ಲದೆ ಬಿಸಿ ಇಸ್ತ್ರಿ ತಾಗಿಸಿದರೆ ನೂರಕ್ಕೆ ಹತ್ತರವರೆಗೂ ಶಾಶ್ವತವಾಗಿ ಕುಗ್ಗಬಲ್ಲ ಪಾಲಿಯೆಸ್ಟರ್ ಬಟ್ಟೆಗಳಿವೆ, ಬಟ್ಟೆ ಹೊದಿಸಿದ ಸಣ್ಣ ವಿಮಾನಗಳ ರೆಕ್ಕೆಗಳನ್ನು ಹಾಗೆಯೇ ಬಿಗಿಯುವುದು. ಹೊಲಿಗೆ ತುಸು ಸಡಿಲವಾಗಿದ್ದರೂ ಇಸ್ತ್ರಿ ಪೆಟ್ಟಿಗೆ ತಿದ್ದಿಕೊಡುತ್ತದೆ.

ಹಾಗಾದರೆ ನೈಲಾನ್ ಏಕೆ? ಹರಿಯುವುದಿಲ್ಲ ಎಂಬ ಕಾರಣಕ್ಕೆ. ಚೂಪು ಬಂಡೆಗೆ ಬಡಿದಾಗ ಪಾಲಿಯೆಸ್ಟರ್ ಮೊಂಡುತನ ಮಾಡಿ ಕೊನೆಗೆ ಬಿಡುತ್ತದೆ, ನೈಲಾನ್ ಹಿಗ್ಗಿ ಪೆಟ್ಟನ್ನು ನುಂಗಿ ಹಿಂದಕ್ಕೆ ಬರುತ್ತದೆ. ಜೋಲುಬೀಳುವ ದೋಷ, ಹರಿಯದಿರುವ ಗುಣ ಎರಡೂ ಹುಟ್ಟುವುದು ಅದೇ ಹಿಗ್ಗುವ ಸ್ವಭಾವದಿಂದ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಳೆಯಲಾಗದು.

ನನ್ನ ಮೊದಲ ತೊಗಲು ನೈಲಾನ್. ಚದರ ಮೀಟರಿಗೆ ಸುಮಾರು 290 ಗ್ರಾಂ ತೂಕದ್ದು. ಶೆಡ್ಡಿನಲ್ಲಿ ಹೀಟರ್ ಹಾಕಿಕೊಂಡು, ಒಣಹವೆಯಲ್ಲಿ ಹೊಲಿದೆ. ಕೈಗೆ ತಮಟೆಯಂತೆ ಬಿಗಿಯಾಗಿ ಸಿಕ್ಕಿತು, ಮನಸ್ಸು ತುಂಬಿತು. ಮೇಲೆ ಒಂದು ತೆಳು ಲೇಪ ಕೊಟ್ಟು ನೀರಿಗಿಳಿಸಿದೆ. ಒಂದು ವಾರದ ಮಳೆಯ ನಂತರ ನೋಡಿದರೆ ಪಕ್ಕೆಲುಬುಗಳ ನಡುವೆ ತೊಗಲು ಒಳಕ್ಕೆ ಕುಸಿದು, ಉಪವಾಸ ಬಿದ್ದ ಎತ್ತಿನ ಮೈಯಂತಾಗಿತ್ತು. ಹಿಗ್ಗಬಹುದಾದಷ್ಟನ್ನು ಮೊದಲೇ ಹಿಗ್ಗಿಸಿ ಹೊಲಿಯಬೇಕಿತ್ತು. ಎರಡನೆಯ ಬಾರಿ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಒದ್ದೆಯಿರುವಾಗಲೇ ಹಂದರದ ಮೇಲೆ ಹೊದಿಸಿ, ಎರಡೂ ತುದಿಗಳಿಗೆ ಚೀಲದಂತೆ ಹೊಲಿಗೆ ಹಾಕಿ ಉದ್ದಕ್ಕೆ ಎಳೆದು, ಆಮೇಲೆ ಮೇಲ್ಭಾಗದ ನಡುವಿನಲ್ಲಿ ಬಾಗಿದ ಸೂಜಿಯಿಂದ ಹೊಲಿದುಕೊಂಡು ಬಂದೆ. ಕೈ ಬೆರಳು ಸುಕ್ಕಾದವು. ಒಣಗಿದಾಗ ಅದು ಬಿಗಿದ ಪರಿಗೆ ಹಂದರ ಒಮ್ಮೆ ಲಟಕ್ಕೆಂದಿತು. ಅಂಚುಪಟ್ಟಿಯ ನಾರು ನೋಡಿ ಆರಿಸಿದ ಆ ಮಧ್ಯಾಹ್ನಕ್ಕೆ ಅವತ್ತು ಕೃತಜ್ಞನಾದೆ.

ಲೇಪದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಎಪಾಕ್ಸಿ ಬೇಡವೇ ಬೇಡ. ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಕೆಳಗಿನ ಬಟ್ಟೆ ಉಸಿರಾಡಿದಂತೆ ಆಡುವಾಗ ಮೇಲಿನದು ಬಿರಿಯುತ್ತದೆ. ತೈಲವರ್ಣ ಆಗಬಹುದು, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಬಳಿಯುವ ತಾಳ್ಮೆ ಇದ್ದರೆ. ಹೆಚ್ಚಿನವರು ಈಗ ಹಿಡಿಯುವುದು ಎರಡು ಭಾಗ ಬೆರೆಸುವ ಪಾಲಿಯುರಿಥೇನ್. ಅದು ಬಟ್ಟೆಯ ನೂಲುಗಳ ನಡುವೆ ಇಳಿದು, ಒಣಗಿದ ಮೇಲೂ ರಬ್ಬರಿನಂತೆ ಬಾಗುತ್ತದೆ, ಸೂಜಿಯ ತೂತುಗಳನ್ನೂ ಮುಚ್ಚುತ್ತದೆ. ಬಿಸಿಲು ನೈಲಾನನ್ನು ನಿಧಾನಕ್ಕೆ ತಿನ್ನುವುದರಿಂದ ಅದಕ್ಕೊಂದು ಕೊಡೆಯೂ ಹೌದು. ಆದರೆ ಅದರ ಐಸೊಸಯನೇಟ್ ಆವಿ ಶ್ವಾಸಕೋಶಕ್ಕೆ ವಿಷ. ಬಟ್ಟೆಯ ಮಾಸ್ಕ್ ಪ್ರಯೋಜನಕ್ಕಿಲ್ಲ, ರಾಸಾಯನಿಕ ಆವಿ ತಡೆಯುವ ಫಿಲ್ಟರ್ ಇರುವ ಮುಖವಾಡವೇ ಬೇಕು, ಬಾಗಿಲು ಕಿಟಕಿ ತೆರೆದಿರಬೇಕು. ಇದರಲ್ಲಿ ಹಣ ಉಳಿಸಲು ಹೋಗಬೇಡಿ.

ಮುಗಿದ ದೋಣಿ ತೂಗಿದ್ದು 14 ಕಿಲೋ. ಇಷ್ಟೇ ಉದ್ದದ ಪ್ಲಾಸ್ಟಿಕ್ ದೋಣಿ 25 ದಾಟುತ್ತದೆ. ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಪ್ಲಾಸ್ಟಿಕ್ ಕಯಾಕುಗಳಲ್ಲಿ ಸಾಮಾನ್ಯವಾಗಿ ಇರುವ ಗಾಳಿಯ ಕೋಣೆಗಳು ಇದರಲ್ಲಿಲ್ಲ. ಮಗುಚಿದರೆ ತುದಿಯಿಂದ ತುದಿಗೆ ನೀರು ತುಂಬುತ್ತದೆ. ಮುಂದೆ ಹಿಂದೆ ಗಾಳಿ ತುಂಬಿದ ಚೀಲಗಳನ್ನು ತುರುಕದೆ ದಡ ಬಿಡಬಾರದು. ಸಾಮಗ್ರಿಯ ಪಟ್ಟಿಯಲ್ಲಿ ಸೀಡರ್‌ಗಿಂತ ಮೊದಲು ಬರೆದುಕೊಳ್ಳಬೇಕಾದ್ದು ಅವು, ಅದರ ಪಕ್ಕದಲ್ಲೇ ಜೀವರಕ್ಷಕ ಜಾಕೆಟ್.

ಊರಿನ ಗೆಳೆಯರು ಕೇಳುವುದುಂಟು: ಇದನ್ನು ನಮ್ಮಲ್ಲೇ ಕಟ್ಟಬಹುದಲ್ಲ? ಕಟ್ಟಬಹುದು. ಆದರೆ ಸೀಡರ್ ತರಿಸಿ ಕಟ್ಟುವುದರಲ್ಲಿ ಅರ್ಥವಿಲ್ಲ, ಸಮುದ್ರ ತಂದುಕೊಟ್ಟದ್ದರಲ್ಲಿ ದೋಣಿ ಕಟ್ಟಿದವರ ವಿದ್ಯೆಗೆ ಅದು ವಿರುದ್ಧ. ನಾನಾದರೆ ಅಂಚುಪಟ್ಟಿಗೆ ಹಳೆಯ ಮನೆ ಕೆಡವಿದಾಗ ಸಿಗುವ, ನಾರು ನೆಟ್ಟಗಿರುವ ಸಾಗುವಾನಿ ಹುಡುಕುತ್ತೇನೆ. ಭಾರ ಹೆಚ್ಚು, ಆದ್ದರಿಂದ ಸಪೂರ ಮಾಡಬೇಕು. ಉದ್ದಪಟ್ಟಿ, ಪಕ್ಕೆಲುಬು ಎಲ್ಲಕ್ಕೂ ಬಿದಿರೇ. ಮೂರ್ನಾಲ್ಕು ವರ್ಷ ಬಲಿತದ್ದಾಗಿರಬೇಕು, ಎಳೆಯದು ಒಣಗಿದರೆ ಸುರುಟುತ್ತದೆ. ಅಮಾವಾಸ್ಯೆಯ ಆಸುಪಾಸು ಕಡಿದ ಬಿದಿರಿಗೆ ಹುಳ ಹತ್ತುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇದೆ. ಹುಳಕ್ಕೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಕೆಲವು ವಾರ ಹರಿವ ನೀರಿನಲ್ಲಿ ಮುಳುಗಿಸಿಟ್ಟರೆ ಅದು ತೊಳೆದುಹೋಗುತ್ತದೆ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಇನ್ನೂ ಭದ್ರ. ತೊಗಲಿಗೆ ನಮ್ಮ ಮುಂಗಾರಿನಲ್ಲಿ ನಾನು ನೈಲಾನ್ ಹಿಡಿಯಲಾರೆ, ಮಲೆನಾಡಿನ ಜುಲೈನಲ್ಲಿ ಅದು ಬಿಗಿಯಾಗಿರುವ ದಿನವೇ ಇರುವುದಿಲ್ಲ. ಪಾಲಿಯೆಸ್ಟರ್ ಮತ್ತು ಇಸ್ತ್ರಿ ಪೆಟ್ಟಿಗೆ ಸಾಕು.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಉಳಿದ ನೈಲಾನಿನ ಒಂದು ಮೊಳ ತುಂಡನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಆನೆಗೊಂದಿ ಕಡೆಯ ದಡದಲ್ಲಿ ಹರಿಗೋಲು ಬೋರಲು ಹಾಕಿ ತಾರು ಬಳಿಯುತ್ತಿದ್ದ ಹಿರಿಯರೊಬ್ಬರಿಗೆ ಕೊಟ್ಟೆ. ಏನು, ಎಲ್ಲಿಯದು ಎಂದು ಅವರು ಕೇಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಎಳೆದರು, ಓರೆಗೆ ಎಳೆದರು. ಅಂಚನ್ನು ಹಲ್ಲಿಗೆ ಕೊಟ್ಟು ಜಗ್ಗಿದರು. ಹೊಳೆಗಿಳಿದು ಅದ್ದಿ ತಂದು ಬಂಡೆಯ ಮೇಲೆ ಹರವಿ, ಮೇಲೊಂದು ಕಲ್ಲಿಟ್ಟು ಕೆಲಸಕ್ಕೆ ಮರಳಿದರು. ಬಿಸಿಲೇರಿದ ಮೇಲೆ ಬಂದು ಮುಟ್ಟಿ, ಒಣಗಿದ ಬಟ್ಟೆ ಕಲ್ಲಿನ ಅಡಿಯಿಂದ ಎಷ್ಟು ಒಳಸರಿದಿದೆ ಎಂದು ಬೆರಳಿನಲ್ಲಿ ಅಳೆದರು.

‘ಹಿಗ್ತೈತಿ, ಬಿಗಿತೈತಿ. ತೊಗಲ ಇದ್ದಂಗ ಐತಿ’ ಅಂದರು. ಆಮೇಲೆ ಡಬ್ಬದಲ್ಲಿದ್ದ ಬ್ರಶ್ ತೆಗೆದು ತುಂಡಿನ ಒಂದು ಮೂಲೆಗೆ ತಾರು ಎಳೆದು, ನನ್ನ ಕಡೆ ನೋಡದೆ, ಅದು ಹಿಡಿಯುತ್ತದೋ ಇಲ್ಲವೋ ಎಂದು ಕಾಯುತ್ತ ಕೂತರು.